ತುಕ್ಕು ಹಿಡಿದ ಗಾಡಿಗಳೂ ನಮ್ಮ ಉಸ್ತಾದರೂ

ಗಾಡಿಗೆ ತುಕ್ಕು ಹಿಡಿಯುವುದು ತಪ್ಪುವುದಿಲ್ಲ. ಹಿಡಿದ ಮೇಲೆ ಅದರ ಮಾಲಕರು ಏನಾದರೊಂದು ಅಂದು ನಗಿಸದೆ ಬಿಡುವುದೂ ಇಲ್ಲ. ಮೊನ್ನೆ ಒಬ್ಬರು ಬಂದು, "ನಿನ್ನೆ ಸಂಜಿತನಕ ಚಲೋ ಇತ್ರಿ, ಮುಂಜಾನೆ ನೋಡಿದ್ರ ತೂತು ಬಿದ್ದೈತಿ" ಅಂದರು, ಜ್ವರ ಬಂದ ಮಗುವಿನ ಸುದ್ದಿ ಹೇಳಿದ ಹಾಗೆ. ಇಂಥವರು ಬಂದಾಗೆಲ್ಲ ನನಗೆ ಈ ಕೆಲಸ ಕಲಿಸಿದ ನಮ್ಮ ಉಸ್ತಾದರು ನೆನಪಾಗುತ್ತಾರೆ.

ನಾವು ಬೆಟಗೇರಿಯ ನೇಕಾರರು. ಮನೆಯ ಮಗ್ಗ ನಿಂತ ಮೇಲೆ ನಾನು ಕೆಲಸ ಹುಡುಕುತ್ತ ಮಲ್ಲಸಮುದ್ರದ ಕಡೆಯ ರಸ್ತೆಯಲ್ಲಿದ್ದ ಉಸ್ತಾದರ ಶೆಡ್ಡಿಗೆ ಹೋದೆ. ಗಾಡಿಗಳ ತಗಡು ಬಡಿದು, ಬೆಸುಗೆ ಹಾಕಿ, ಬಣ್ಣ ಹೊಡೆಯುವ ಜಾಗ ಅದು. ಅವರು ಒಂದು ಕಾರಿನ ಬಾಗಿಲಿಗೆ ಎರಡು ಕಡೆ ಬೆರಳ ಗೆಣ್ಣಿನಿಂದ ಬಡಿದು, "ಏನ ಫರಕ ಐತಿ ಹೇಳಲೇ" ಅಂದರು.

"ಅದು ಠಣ್ ಅಂತೈತ್ರಿ. ಇದು ಧಬ್ ಅಂತೈತಿ."

"ಠಣ್ ಅಂದ್ರ ತಗಡು. ಧಬ್ ಅಂದ್ರ ತುಕ್ಕು ತಗಡ ತಿಂದೈತಿ, ತೂತು ಕಾಣಬಾರದಂತ ಮ್ಯಾಲೆ ಪುಟ್ಟಿ ಮೆತ್ಯಾರ. ಮಗ್ಗದ ಸಪ್ಪಳ ಕೇಳಿ ಬೆಳದ ಕಿವಿ, ಹುಸಿ ಹೋಗಂಗಿಲ್ಲ. ನಾಳಿಂದ ಬಾ."

ನನ್ನ ಸಂದರ್ಶನ ಅಷ್ಟೇ.

ಬಾಗಿಲಿನೊಳಗಿನ ನೀರು

ನಿವೃತ್ತ ಮಾಸ್ತರರೊಬ್ಬರು ಹೆಂಡತಿಯನ್ನು ಕೂಡಿಸಿಕೊಂಡು ಬಿಳಿ ಕಾರು ತಂದರು. ನಮ್ಮೂರಲ್ಲಿ ನಳ ಯಾವಾಗ ಬರುತ್ತದೆ ಅನ್ನುವುದು ದೇವರಿಗೂ ಗೊತ್ತಿರದ ಸಂಗತಿ. ಅಂಥದರಲ್ಲೂ ಈ ಮಾಸ್ತರರು ದಿನಾ ಕಾರು ತೊಳೆಯುವವರು. "ಇಷ್ಟು ಸ್ವಚ್ಛ ಇಟ್ರೂ ಬಾಗಲದ ಬುಡಕ್ಕ ತುಕ್ಕು ಯಾಕ?" ಅನ್ನುವುದು ಅವರ ತಕರಾರು.

ಉಸ್ತಾದರು ಬಾಗಿಲನ್ನು ಮೆಲ್ಲಗೆ ಅಲ್ಲಾಡಿಸಿದರು. ಒಳಗೆ ಗುಳುಗುಳು ಅಂದಿತು. ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗಲೆಂದು ಬಾಗಿಲ ಕೆಳಗೆ ಸಣ್ಣ ತೂತುಗಳಿರುತ್ತವೆ. ಇರುವೆ ಹೊಗುತ್ತವೆ ಅಂತ ಮಾಸ್ತರರು ಅವನ್ನೆಲ್ಲ ಮೆತ್ತಿ ಮುಚ್ಚಿಬಿಟ್ಟಿದ್ದರು! ಉಸ್ತಾದರು ಮೆತ್ತಿದ್ದನ್ನು ಕೆತ್ತಿ ತೆಗೆದದ್ದೇ ತಡ, ಕೆಂಪು ನೀರು ಧೋ ಅಂತ ಸುರಿಯಿತು.

"ನೋಡ್ರಿ ಸರ, ನೀರು ಬಂದ್ರ ಗಾಬರಿ ಇಲ್ಲ. ಬಂದದ್ದು ನಿಂತ್ರ ತಗಡ ತಿಂತೈತಿ" ಅಂದರು ಉಸ್ತಾದರು.

ಮಾಸ್ತರರ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿ ಗಂಡನ ಕಡೆ ತಿರುಗಿದರು: "ನಳ ಬರಲಾರದ ದಿನ ನಾ ಕೊಡ ಹಿಡಕೊಂಡು ಓಣಿ ತುಂಬ ತಿರಗೀನಿ. ಇಲ್ಲೆ ಇಷ್ಟು ಕೂಡಿಟ್ಟೀರಿ ಅಂತ ಒಂದ ಮಾತು ಹೇಳಬಾರದೇನ್ರಿ?"

ಅಂಟದ ಮ್ಯಾಗ್ನೆಟ್

ನಮ್ಮ ಕಾಕಾಗೆ ಸೀರೆ ಗಂಟು ಹೊತ್ತು ಸಂತೆಗಳಿಗೆ ಹೋಗಲು ಒಂದು ವ್ಯಾನು ಬೇಕಾಗಿತ್ತು. ಶಿರಹಟ್ಟಿಯಲ್ಲಿ ಒಂದು ಕೆಂಪು ವ್ಯಾನು ನೋಡಿ ಮನಸ್ಸು ಕೊಟ್ಟುಬಿಟ್ಟಿದ್ದ. ಹೂವು ಕುಂಕುಮ ಜೇಬಿನಲ್ಲಿಟ್ಟುಕೊಂಡೇ ನಮ್ಮನ್ನು ಕರೆದೊಯ್ದ.

ಉಸ್ತಾದರು ಬಣ್ಣ ಗೀರದಂತೆ ಸೀರೆ ತುಂಡಿನಲ್ಲಿ ಸುತ್ತಿದ ಮ್ಯಾಗ್ನೆಟ್ ತೆಗೆದು ಚಕ್ರದ ಮೇಲಿನ ತಗಡಿಗೆ ಹಿಡಿದರು. ಕೆಳಗೆ ಬಿತ್ತು. ಬಾಗಿಲ ಬುಡಕ್ಕೆ ಹಿಡಿದರು. ಅಲ್ಲೂ ಬಿತ್ತು.

ಮಾರುವವ, "ಹೊಸಾ ಬಣ್ಣ ಭಾಳ ನುಣುಪೈತ್ರಿ, ಅದಕ್ಕ ಜಾರತೈತಿ" ಅಂದ.

ಉಸ್ತಾದರು ತಲೆದೂಗುತ್ತ ಇಡೀ ವ್ಯಾನು ಸುತ್ತಿ ಬಂದರು. ಬುಡದ ತುಂಬ ಮ್ಯಾಗ್ನೆಟ್ ಅಂಟದ ಪುಟ್ಟಿಯೇ. ಕೊನೆಗೆ ಅದೇ ಮ್ಯಾಗ್ನೆಟ್ಟನ್ನು ಮಾರುವವನ ಹೊಟ್ಟೆಯ ಹತ್ತಿರ ಒಯ್ದರು. ಟಕ್ ಅಂತ ಅವನ ಬೆಲ್ಟಿನ ಕೊಂಡಿಗೆ ಅಂಟಿತು.

"ಗಾಡಿ ಬ್ಯಾಡ್ರಿ. ಈ ಬೆಲ್ಟ್ ಕೊಡ್ತೀರೇನ ಕೇಳ್ರಿ, ಕಬ್ಬಿಣ ಚಲೋ ಐತಿ" ಅಂದರು ಕಾಕಾಗೆ.

ರುಚಿ ನೋಡಿದ್ದು

ಮುಂಡರಗಿಯವರೊಬ್ಬರ ಕಾರಿನಲ್ಲಿ ಹಿಂದಿನ ಡಿಕ್ಕಿಯ ತಗಡು ಮಾತ್ರ ಜರಡಿಯಾಗಿತ್ತು. ಉಳಿದ ಗಾಡಿ ಗಟ್ಟಿ. ಮಳೆ ನೀರು ಇಳಿದ ಗುರುತಿಲ್ಲ. ಉಸ್ತಾದರು ಬಗ್ಗಿ ಮೂಸಿದರು. ಆಮೇಲೆ ಅಲ್ಲಿದ್ದ ಜಿಡ್ಡನ್ನು ಬೆರಳಿಗೆ ಹಚ್ಚಿಕೊಂಡು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ, ನಾಲಿಗೆಗೆ ಮುಟ್ಟಿಸಿದರು.

"ಮಾವಿನ ಉಪ್ಪಿನಕಾಯಿ!"

ಮಾಲಕರ ತಾಯಿ ಕಾರಿನೊಳಗೇ ಕೂತಿದ್ದರು. ಮಗಳ ಮನೆಗೆ ಒಯ್ಯುವಾಗ ಭರಣಿ ಮಗುಚಿದ್ದು ಅವರಿಗೆ ಆಗ ನೆನಪಾಯಿತು. ಮ್ಯಾಟಿನ ಕೆಳಗೆ ಇಳಿದ ಉಪ್ಪು ಸದಾ ಪಸೆ ಹಿಡಿದುಕೊಂಡು ತಗಡನ್ನು ಬಲುಬೇಗ ತಿಂದಿತ್ತು. ಮುದುಕಮ್ಮ ಮುಖ ಸಣ್ಣದು ಮಾಡಿಕೊಂಡು ಕೇಳಿದರು, "ಉಪ್ಪು ಜಾಸ್ತಿ ಆಗಿತ್ತೇನೋ ಯಪ್ಪಾ?"

"ಗಾಡಿಗೆ ಜಾಸ್ತಿ ಆಗೇತಬೇ. ರೊಟ್ಟಿಗೆ ಬರೋಬ್ಬರಿ ಐತಿ."

ಕನ್ಯಾ ನೋಡಲು ಹೋದದ್ದು

ಈಗ ಉಸ್ತಾದರಿಲ್ಲ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ ಬಂದಿದೆ, ನನ್ನ ಹತ್ತಿರವೂ ಒಂದಿದೆ. ಅದು ಅಂಕಿ ತೋರಿಸುತ್ತದೆ, ನಗಿಸುವುದಿಲ್ಲ. ಆದರೂ ಉಸ್ತಾದರು ಜೀವನದಲ್ಲಿ ಪರೀಕ್ಷೆ ಮಾಡದೆ ಬಿಟ್ಟ ಗಾಡಿ ಒಂದಿತ್ತು. ಅದು ಅವರದೇ ಹಳೆಯ ಕಾರು.

ನನಗೆ ಅಡರಕಟ್ಟಿಯಲ್ಲಿ ಒಂದು ಕನ್ಯಾ ಇರುವುದು ಗೊತ್ತಾಗಿತ್ತು. ಅದಕ್ಕೂ ಮೊದಲು ನೋಡಿದವರು "ತಗಡ ಬಡಿಯೋ ಹುಡುಗ" ಅಂತ ನನ್ನನ್ನು ಬೇಡ ಅಂದಿದ್ದರು. ಈ ಸಲ ಗತ್ತಿನಿಂದ ಹೋಗಬೇಕು ಅಂತ ಅವ್ವನ ಹಠ. "ನನ್ನ ಕಾರ ಐತೆಲ್ಲ, ಮೊನ್ನೆ ಬಣ್ಣ ಹೊಡದೇನಿ" ಅಂದರು ಉಸ್ತಾದರು. ಊರವರ ಗಾಡಿ ರಿಪೇರಿಯಲ್ಲಿ ಅವರಿಗೆ ತಮ್ಮದರ ಕೆಳಗೆ ಬಗ್ಗಿ ನೋಡಲು ಪುರಸೊತ್ತು ಸಿಕ್ಕಿರಲಿಲ್ಲ. ಮಳೆಗಾಲದಲ್ಲಿ ನೆನೆದ ಮ್ಯಾಟು ಒಣಗದೆ ಅಡಿಯ ತಗಡು ಹಪ್ಪಳವಾಗಿತ್ತು. ಮೇಲೆ ಚೆಂದದ ಜಮಖಾನ ಹಾಸಿದ್ದರು.

ಲಕ್ಷ್ಮೇಶ್ವರ ದಾಟಿದ ಮೇಲೆ ರಸ್ತೆಯ ಕುಣಿಗಳು ಶುರುವಾದವು. ಹಿಂದೆ ಅವ್ವನ ಜೊತೆ ಕೂತಿದ್ದ ನಮ್ಮ ಸೋದರತ್ತೆ, "ಕಾಲಾಗ ತಂಪನ್ನ ಗಾಳಿ ಬರಾಕತ್ತೈತಿ" ಅಂದಳು.

"ಕಿಡಕಿ ತಗದಾವಲ್ರಿ ಅಕ್ಕಾರ, ಬರ್ತೈತಿ" ಅಂದರು ಉಸ್ತಾದರು.

ಕನ್ಯಾದ ಮನೆ ಮುಂದೆ ಇಳಿದಾಗ ಅತ್ತೆಯ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಾಲ ಬುಡದಲ್ಲಿ ಇಟ್ಟಿದ್ದ ಹಣ್ಣು ಕಾಯಿಯ ಚೀಲವೂ ಇಲ್ಲ, ಅಲ್ಲಿನ ನೆಲವೂ ಇಲ್ಲ. ನಾವು ಬರಿಗೈಲಿ ಒಳಗೆ ಹೋಗಿ ಕೂತೆವು. ಅಷ್ಟರಲ್ಲಿ ಪೇಟೆಗೆ ಹೋಗಿದ್ದ ಹುಡುಗಿಯ ಅಪ್ಪ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದರು. ಒಳಗೆ ಬರುವಾಗ ಬಗಲಲ್ಲಿ ತೆಂಗಿನಕಾಯಿ, ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಅತ್ತೆಯ ಚಪ್ಪಲಿ.

"ಮುಂದ ಒಂದ ಕಾರ ಹೊಂಟಿತ್ರಿ. ಹೋದಂಗ ಹೋದಂಗ ಒಂದೊಂದ ಸಾಮಾನ ಉದರಸ್ತಿತ್ತು. ಎಷ್ಟ ಒದರಿದ್ರೂ ನಿಲ್ಲಸಲಿಲ್ಲ. ನಿಮ್ಮವೇನ್ರಿ ಇವು?"

ಬಾಗಿಲ ಮರೆಯಲ್ಲಿ ಹುಡುಗಿ ಕಿಸಕ್ಕನೆ ನಕ್ಕಳು. ಉಸ್ತಾದರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ತಡೆಯಲಾಗಲಿಲ್ಲ. ಎದ್ದು ಒಂದು ಖಾಲಿ ಎಣ್ಣೆ ಡಬ್ಬಿ ಕೇಳಿ ಇಸಿದುಕೊಂಡೆ. ಅದನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಹೊಸ ಬಿಳಿ ಅಂಗಿಯಲ್ಲೇ ಗಾಡಿಯೊಳಗೆ ತೂರಿ ತೂತು ಮುಚ್ಚತೊಡಗಿದೆ. ಓಣಿಯವರೆಲ್ಲ ನೋಡುತ್ತ ನಿಂತರು. ಹುಡುಗಿ ತಾನೇ ಹೊರಗೆ ಬಂದು, "ಚಾ ಆರತೈತ್ರಿ" ಅಂತ ಕಪ್ಪು ಚಾಚಿದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಹಾಗೆ.

ಆಕೆಯ ಅಪ್ಪ ನನ್ನ ಕೆಲಸವನ್ನು ಒತ್ತಿ, ತಟ್ಟಿ ನೋಡಿ ಒಳಗೆ ಬಂದು ಕೂತರು. "ಹುಡುಗ ಕೆಲಸಗಾರ ಅದಾನ. ನಮಗ ಒಪ್ಪಿಗಿ" ಅಂದರು. ಅವ್ವ ಕಣ್ಣೊರೆಸಿಕೊಂಡಳು. ಉಸ್ತಾದರಿಗೆ ಹುರುಪು ಬಂದು, "ಮದಿವಿ ದಿನ ಮದುಮಗಳನ್ನ ನನ್ನ ಕಾರಿನಾಗ ಕರಕೊಂಡ ಹೋಗ್ತೇನ್ರಿ" ಅಂದುಬಿಟ್ಟರು.

ನನ್ನ ಮಾವನಾಗಲಿದ್ದವರು ಎರಡೂ ಕೈ ಮುಗಿದರು. "ಅದೊಂದ ಬ್ಯಾಡ್ರಿ ಯಪ್ಪಾ. ಕಾಯಿ ಉದುರಿದ್ರ ಆರಿಸಿ ತಂದೇನಿ. ಮಗಳು ಉದುರಿದ್ರ ಲಕ್ಷ್ಮೇಶ್ವರತನಕ ಯಾರ ಹುಡಕಬೇಕು?"