ಓದಿ ಒತ್ತಿ ಎಂದು ಬರೆದವನ ಪಾಡು

"ಪೂರ್ತಿ ಓದಿ, ಅರ್ಥವಾದ ಮೇಲೆ ಮಾತ್ರ ಒತ್ತಿ." ನಾನು ಬರೆದ ಕೈಪಿಡಿಯ ಮೊದಲ ನಿಯಮ ಇದು. ದಪ್ಪ ಅಕ್ಷರದಲ್ಲಿ, ಸುತ್ತ ಚೌಕ ಹಾಕಿಸಿ ಮುದ್ರಿಸಿದ್ದೇನೆ. ಇದನ್ನು ಮುರಿಯದ ಒಬ್ಬರನ್ನು ಮಾತ್ರ ಇದುವರೆಗೆ ಕಂಡಿದ್ದೇನೆ. ಉಳಿದವರೆಲ್ಲ ಭಾನುವಾರಕ್ಕೊಂದು ಹೊಸ ರೀತಿಯಲ್ಲಿ ಮುರಿಯುತ್ತಲೇ ಇದ್ದಾರೆ.

ಕೊಯಮತ್ತೂರಿನ ಪಂಪು ಕಾರ್ಖಾನೆಯಿಂದ ನಿವೃತ್ತನಾದ ಮೇಲೆ, ಮೆಟ್ಟುಪಾಳ್ಯಂ ಹತ್ತಿರದ ಒಂದು ನೇಕಾರರ ಸಂಘಕ್ಕೆ ಪ್ರತಿ ಭಾನುವಾರ ಹೋಗುತ್ತೇನೆ. ಅವರ ಹಳೆಯ ಕಂಪ್ಯೂಟರುಗಳು ಕೊನೆಯುಸಿರು ಎಳೆಯುತ್ತಿದ್ದವು. ಅವಕ್ಕೆ ಉಚಿತವಾಗಿ ಸಿಗುವ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದನ್ನು ಅವರೇ ಕಲಿಯಬೇಕು, ಇದು ನನ್ನ ಹಟ. ಸೀರೆಯ ಬಾರ್ಡರುಗಳ ಡಿಸೈನೆಲ್ಲ ಆ ಪೆಟ್ಟಿಗೆಗಳಲ್ಲೇ ಇವೆ. ಅವು ಅಳಿಸಿಹೋದರೆ ಮಗ್ಗ ನಿಂತ ಹಾಗೆ. ಆದ್ದರಿಂದ ನಿಯಮ.

ಯಾರು ಬರೆದದ್ದು?

ನಾನು ಓದಿದ್ದು ಇಂಗ್ಲಿಷ್ ಮಾಧ್ಯಮ. ಆದರೂ ನಿಘಂಟು ಹಿಡಿದು ಶುದ್ಧ ಕನ್ನಡದಲ್ಲಿ ಹದಿನಾಲ್ಕು ಪುಟ ಬರೆದೆ. ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದರೂ ಆ ನೇಕಾರರ ಮನೆಮಾತು ಕನ್ನಡ ತಾನೆ? ಹಿರಿಯ ನೇಕಾರರೊಬ್ಬರು ಪುಸ್ತಕವನ್ನು ಎರಡೂ ಕಡೆ ತಿರುಗಿಸಿ ನೋಡಿ, "ಸಂದಾಗಿದೆ ಸಾರ್. ಓದಿ ಹೇಳಿ" ಎಂದರು.

"ನೀವೇ ಓದಬೇಕು. ಅದೇ ನಿಯಮ."

"ಮಾತು ನಮ್ದೇ ಸಾರ್. ಅಕ್ಷರ ತಮಿಳು ಮಾತ್ರ ತಾನೆ ಬರುತ್ತೆ?"

ನಾನೇ ಓದಿದೆ. ಎರಡು ಪುಟ ಕೇಳಿ ಅವರು ಮೆಲ್ಲಗೆ ಕೇಳಿದರು: "ಇದನ್ನ ಬರೆದೋರು ಉಸಿರೊಡನೆ ಇದ್ದಾರಾ ಸಾರ್?"

ಮರುವಾರವೇ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರ ಮನೆಯ ಕನ್ನಡವನ್ನೇ ತಮಿಳು ಅಕ್ಷರದಲ್ಲಿ ಬರೆಸಿದೆ. ಸಾವಿರಾರು ಎಳೆಗಳ ನಡುವೆ ಕಡಿದ ಒಂದನ್ನು ಬೆರಳಲ್ಲೇ ಹುಡುಕುವವರು ಅವರು. ಅವರಿಗೆ ಪುಟ ತಿಳಿಯದಿದ್ದರೆ ತಪ್ಪು ಪುಟದ್ದು.

ಎಡಗೈ

ತಿರುಪ್ಪೂರಿನಿಂದ ಒಬ್ಬ ನೂಲಿನ ವ್ಯಾಪಾರಿಯೂ ತಮ್ಮ ಕಂಪ್ಯೂಟರ್ ಹೊತ್ತು ಕಲಿಯಲು ಬಂದರು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ 'ಮುಂದೆ' ಗುಂಡಿಯನ್ನು ಹತ್ತು ಸಲ ಒತ್ತಿ ಮುಗಿಸಿದ್ದರು. ಕೀಬೋರ್ಡಿನ ಭಾಷೆ ಕೇಳಿದಾಗ ಪಟ್ಟಿಯ ಮೇಲ್ಗಡೆ ಕಂಡದ್ದನ್ನು ಆರಿಸಿದ್ದರು. ಅದು ಅರಬ್ಬಿ. ಹೆಸರು ಬರೆಯಹೋದರೆ ಅಕ್ಷರಗಳು ಬಲದಿಂದ ಎಡಕ್ಕೆ ಓಡಿದವು.

"ಓದಿ ಒತ್ತಿ ಎಂದಿರಲಿಲ್ಲವೇ?" ಗದರಿದೆ.

ಅವರು ಪರದೆಯನ್ನೇ ನೋಡಿ ಸಮಾಧಾನ ಹೇಳಿದರು, ನನಗೆ: "ಪರವಾಯಿಲ್ಲ ಬುಡಿ ಸಾರ್, ನಾನೂ ಎಡಗೈಯವನೇ."

ನಾನು ಎದ್ದಿಲ್ಲ

'ನಿಮ್ಮ ಹೆಸರು' ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತೋರಿಸಲು, ಉದಾಹರಣೆಗೆಂದು ಕೈಪಿಡಿಯಲ್ಲಿ ನನ್ನ ಹೆಸರನ್ನೇ ಹಾಕಿದ್ದೆ. ಆರು ಜನ ಒಂದಕ್ಷರ ಬಿಡದೆ ನಕಲು ಮಾಡಿದರು. ಆರು ಮನೆಗಳಲ್ಲಿ ಕಂಪ್ಯೂಟರಿಗೆ ನನ್ನ ಹೆಸರು.

ಒಂದು ಬೆಳಗ್ಗೆ ಫೋನ್ ಬಂತು. "ಸಾರ್, ನೀವು ಬೆಳಗಿಂದ ಎದ್ದೇ ಇಲ್ಲ!"

"ಎದ್ದು ಸ್ನಾನವೂ ಆಯಿತಲ್ಲ?"

"ನಮ್ಮನೇಲಿ ಎದ್ದಿಲ್ಲ ಸಾರ್. ತಲೆ ಮೇಲೆ ಎರಡು ತಟ್ಟಿಯೂ ನೋಡ್ದೆ."

ಒತ್ತದವರು

ಸಂಘದ ಬಾರ್ಡರುಗಳನ್ನೆಲ್ಲ ಬಿಡಿಸುವುದು ಒಬ್ಬ ಹೆಂಗಸು. ಎಲ್ಲರಿಗೂ ಅಕ್ಕ. ಅವರ ಹದಿನೆಂಟು ವರ್ಷದ ಕೆಲಸ ಒಂದೇ ಪೆಟ್ಟಿಗೆಯಲ್ಲಿತ್ತು. ಅದರ ಸರದಿ ಬಂದ ದಿನ ಹದಿನೈದು ಜನ ಸುತ್ತ ನಿಂತಿದ್ದರು. ಪರದೆ ಕೇಳಿತು: ಎಲ್ಲವನ್ನೂ ಅಳಿಸಿ ಮುಂದುವರಿಯಲೇ?

"ಒತ್ತಕ್ಕಾ" ಎಂದರು ಸಂಘದ ಅಧ್ಯಕ್ಷರು. "ಡಿಸೈನೆಲ್ಲ ನಾನೇ ಪೆನ್‌ಡ್ರೈವಿಗೆ ಹಾಕಿದೀನಿ."

"ಎಲ್ಲಾ ಅಂದ್ರೆ ಯಾವ ಎಲ್ಲಾ?" ಎಂದರು ಅಕ್ಕ.

"ಹಳೆಯದು" ಎಂದೆ ನಾನು.

"ಹಳೇದು ಅಂತ ಬರೆದಿಲ್ವಲ್ಲ ಸಾರ್. ಎಲ್ಲಾ ಅಂತ ತಾನೆ ಇದೆ?"

"ನಾನು ಹೇಳುತ್ತಿದ್ದೇನಲ್ಲ, ಒತ್ತಿ."

ಅಕ್ಕ ಮೌಸಿನಿಂದ ಕೈ ತೆಗೆದರು. "ಅರ್ಥ ಆಗ್ದೆ ಒತ್ತಬೇಡಿ ಅಂತ ನೀವೇ ಬರೆದಿದ್ದೀರಿ. ಮೊದ್ಲು ಪೆನ್‌ಡ್ರೈವ್ ತೆಗೆದು ತೋರ್ಸಿ."

ಅವರ ಬಾಯಿ ಮುಚ್ಚಿಸಲೆಂದೇ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ಒಳಗೆ ಬಾಣದ ಗುರುತಿನ ಒಂದು ಪುಟ್ಟ ಚಿತ್ರ. ಅದನ್ನು ಒತ್ತಿದರೆ ಏನೂ ಇಲ್ಲ. ಮನೆ ಸಾಗಿಸಿದೆ ಎಂದು ಮನೆಯ ವಿಳಾಸದ ಚೀಟಿ ಸಾಗಿಸಿದಂತೆ, ಡಿಸೈನುಗಳ ಬದಲು ಅವು ಎಲ್ಲಿವೆ ಎಂದು ತೋರಿಸುವ ಗುರುತು ಮಾತ್ರ ಬಂದಿತ್ತು.

ಅಧ್ಯಕ್ಷರನ್ನು ಬೈಯಲು ಬಾಯಿ ತೆರೆದೆ. ಅವರು ಕೈಪಿಡಿಯ ಸಾಲು ತೋರಿಸಿದರು: 'ಪರದೆಯ ಮೇಲಿರುವ ಪುಟ್ಟ ಚಿತ್ರವನ್ನು ಎಳೆದು ಪೆನ್‌ಡ್ರೈವಿಗೆ ಹಾಕಿ.' ಅವರು ಮಾಡಿದ್ದು ಅದನ್ನೇ. ಬರೆದವನು ನಾನು. ಬರೆದ ಮೇಲೆ ಒಂದು ಸಲವಾದರೂ ಹಾಗೆ ಮಾಡಿ ನೋಡಿದ್ದೆನೇ? ಇಲ್ಲ.

ಹೊಸ ಸಿಸ್ಟಂ ಹಾಕುವುದನ್ನು ನಿಲ್ಲಿಸಿ, ಹಳೆಯ ಸಿಸ್ಟಮನ್ನು ಮತ್ತೆ ಎಬ್ಬಿಸಿ, ನಾನೇ ಕೂತು ಸರಿಯಾಗಿ ನಕಲು ತೆಗೆದೆ. ಒಂದೊಂದೇ ಬಾರ್ಡರನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಅಕ್ಕನಿಗೆ ತೋರಿಸಿದೆ. ನವಿಲು ಬಂತು, ಮಾವಿನಕಾಯಿ ಬಂತು, ಎಲ್ಲ ಬಂತು.

"ಕ್ಷಮಿಸಿ ಅಮ್ಮಾ" ಎಂದೆ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಯಾರಿಗೂ ಹೇಳದ ಮಾತು. "ಈಗ ಧೈರ್ಯವಾಗಿ ಒತ್ತಿ."

"ಡಿಸೈನ್ ಬಂತು ಸಾರ್. ಪುಸ್ತಕ ಅಂಗೇ ಇದೆಯಲ್ಲ?"

"ಅದನ್ನು ಆಮೇಲೆ ತಿದ್ದೋಣ."

"ನನ್ ಪಕ್ಕ ನೀವಿದ್ದೀರಿ. ಮನೇಲಿ ಒಬ್ರೇ ಕೂತು ಓದೋರ ಪಕ್ಕ ಯಾರಿದ್ದಾರೆ? ಮೊದ್ಲು ಅದನ್ನ ಸರಿಯಾಗಿ ಬರೀರಿ. ಓದ್ತೀನಿ. ಆಮೇಲೆ ಒತ್ತುತೀನಿ."

"ಮುದ್ರಿಸಲು ಒಂದು ವಾರ ಬೇಕು ಅಮ್ಮಾ."

"ಆಗ್ಲಿ, ಅವಸರ ಏನು?"

ಅಷ್ಟು ಹೇಳಿ ವೈರುಗಳನ್ನೆಲ್ಲ ಕಿತ್ತು, ಪೆಟ್ಟಿಗೆಗೆ ಟವೆಲ್ ಸುತ್ತಿ, ಕೂಸನ್ನು ಎತ್ತಿಕೊಳ್ಳುವ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು, ಅಕ್ಕ ಬಸ್ಸಿಗೆ ಹೊರಟುಹೋದರು.