ಬಲಗಣ್ಣಿಗೊಂದು ಕಾವಲು

ಬೆಳಗಾಗುವಷ್ಟರಲ್ಲಿ ಸೊಳ್ಳೆ ಮುಲಾಮಿನ ಟ್ಯೂಬು ಖಾಲಿಯಾಗಿತ್ತು. ಖಾಲಿ ಎಂದರೆ ಸಾಮಾನ್ಯ ಖಾಲಿಯಲ್ಲ. ಬುಡದಿಂದ ಕತ್ತಿನವರೆಗೆ ಸುರುಳಿ ಸುತ್ತಿ, ಕಡೆಯ ಹನಿಯನ್ನೂ ಹಿಂಡಿ, ಮುಚ್ಚಳವನ್ನು ಮಾತ್ರ ಮರ್ಯಾದೆಯಿಂದ ತಿರುಗಿಸಿಟ್ಟ ಖಾಲಿ. ರಿಪೇರಿ ಅಂಗಡಿಯ ಗಡಿಯಾರದವರು ಅದನ್ನು ಹಿಡಿದುಕೊಂಡು, ರಜೆಗೆಂದು ಇಳಿದುಕೊಂಡಿದ್ದ ಸರೋವರದ ದಂಡೆಯ ವಸತಿಗೃಹದ ಪಡಸಾಲೆಗೆ ಬಂದಾಗ ಅವರ ಮೂಗಿನ ಹೊಳ್ಳೆಗಳು ಕಮ್ಮಾರನ ತಿದಿಯಂತೆ ಆಡುತ್ತಿದ್ದವು.

“ಯಾರು ಇದನ್ನ ಹಿಂಡಿದ್ದು?”

ಅವರ ಹೆಂಡತಿಯ ತಮ್ಮ, ಕಾಲ ಮೇಲೆ ಕಾಲು ಹಾಕಿಕೊಂಡು ಪತ್ರಿಕೆ ಓದುತ್ತಿದ್ದವನು, ತಲೆಯೆತ್ತದೆ ಹೇಳಿದ: “ನಾನೇ ಭಾವ. ನಿಮ್ಮ ರೂಮಿನ ಬಾಗಿಲು ಕಿರ್ರ್ ಅಂತಿತ್ತು. ನಿಮಗೆ ನಿದ್ದೆ ಕೆಡುತ್ತಲ್ಲ ಅಂತ ಕೀಲುಗಳಿಗೆ ಹಚ್ಚಿಬಿಟ್ಟೆ.”

“ಸೊಳ್ಳೆ ಮುಲಾಮನ್ನ? ಬಾಗಿಲಿಗೆ?”

“ಈಗ ನೋಡಿ, ಸದ್ದೇ ಇಲ್ಲ. ಒಂದು ಸೊಳ್ಳೆನೂ ಬಾಗಿಲಿಗೆ ಕಚ್ಚಿಲ್ಲ.”

ಜೀವಮಾನವೆಲ್ಲ ಸೂಜಿಯ ಮೊನೆಯಿಂದ ಗಡಿಯಾರಗಳ ಕೀಲಿಗೆ ಎಣ್ಣೆ ತೊಟ್ಟಿಕ್ಕಿದ ಕೈ ಅವರದು. ಕೀಲಿಗೆ ಮುಲಾಮು ಎಂಬ ಮಾತು ಅವರ ಕಿವಿಗೆ ಧರ್ಮನಿಂದೆಯಂತೆ ಕೇಳಿಸಿತು. “ಮುಟ್ಠಾಳ! ನಿನ್ನ ಮಂಡಿಗೆ ಬೂಟ್‌ಪಾಲಿಶ್ ಹಚ್ಚಲೇನೋ?” ಎಂದು ಗರ್ಜಿಸಿ ಟ್ಯೂಬನ್ನು ಕಿಟಕಿಯಿಂದಾಚೆ ಎಸೆದರು. ಅದು ಕಿಟಕಿಯ ಸರಳಿಗೆ ಬಡಿದು ಅವರ ಕಾಲಬೆರಳ ಮೇಲೆಯೇ ಬಿತ್ತು.

ಅಲಂಕಾರಶಾಸ್ತ್ರ ಹೇಳುವ ಒಂಬತ್ತು ರಸಗಳಲ್ಲಿ ಎಂಟು ಗಡಿಯಾರದವರ ಹೃದಯಕ್ಕೆ ಅತಿಥಿಗಳಾಗಿ ಬಂದು ಹೋಗುತ್ತಿದ್ದವು. ಅಲ್ಲಿ ಸ್ವಂತ ಮನೆ ಕಟ್ಟಿಕೊಂಡು ನೆಲೆಸಿದ್ದುದು ರೌದ್ರವೊಂದೇ. ನೆಂಟರು ಬೆನ್ನ ಹಿಂದೆ ಅವರನ್ನು ‘ಅಲಾರಂ’ ಎನ್ನುತ್ತಿದ್ದರು. ಆದರೆ ಆ ದಿನದ ಕೋಪಕ್ಕೆ ತಕ್ಕ ಕಾರಣವಿತ್ತು. ಮರುದಿನ ವಸ್ತುಸಂಗ್ರಹಾಲಯದಲ್ಲಿ, ಅಧಿಕಾರಿಯ ಕಣ್ಣೆದುರಿಗೆ, ಅವರು ಒಂದು ಪುರಾತನ ಜೇಬುಗಡಿಯಾರವನ್ನು ಬಿಚ್ಚಿ ಮತ್ತೆ ಜೋಡಿಸಿ ತೋರಿಸಬೇಕಿತ್ತು. ಕೈಚಳಕ ಮೆಚ್ಚುಗೆಯಾದರೆ ಅಲ್ಲಿಯ ಸಮಸ್ತ ಗಡಿಯಾರಗಳ ಪಾಲನೆ ಅವರದು. ಆ ಕೆಲಸಕ್ಕೆ ಬಲಗಣ್ಣಿನ ಗೂಡಿನಲ್ಲಿ, ಹುಬ್ಬಿಗೂ ಕೆನ್ನೆಗೂ ನಡುವೆ, ಕರಿಯ ಬಟ್ಟಲಿನಂಥ ಚಿಕ್ಕ ಭೂತಗನ್ನಡಿಯನ್ನು ಕೈಬಿಟ್ಟು ನಿಲ್ಲಿಸಬೇಕು. ಹಿಂದಿನ ರಜೆಯಲ್ಲಿ ಒಂದು ಸೊಳ್ಳೆ ಸರಿಯಾಗಿ ಬಲಗಣ್ಣಿನ ರೆಪ್ಪೆಗೇ ಕಚ್ಚಿ, ರೆಪ್ಪೆ ಊದಿ, ಗಾಜು ನಿಲ್ಲದೆ ಉರುಳಿ ಉರುಳಿ ಬಿದ್ದು, ಇದೇ ಅವಕಾಶ ಬ್ಯಾಟರಿ ಬದಲಿಸುವುದಕ್ಕಷ್ಟೇ ಲಾಯಕ್ಕಾದ ಎದುರಂಗಡಿಯವನ ಪಾಲಾಗಿತ್ತು. ಅವನು ಸಂಗ್ರಹಾಲಯದ ಗಡಿಯಾರಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದ ಮೇಲೆ ಈಗ ಪುನಃ ಇವರಿಗೆ ಕರೆ ಬಂದಿತ್ತು.

ಇಂಥ ಹೊತ್ತಿನಲ್ಲಿ ಪ್ರವಾಸವೇ ಬೇಡವೆಂದು ಅವರು ಹಟ ಹಿಡಿದಿದ್ದರು. ಆದರೆ ಮೈದುನನೂ ಅತ್ತೆಯೂ ಮನೆಗೇ ಬಂದು ಕೂತಿದ್ದರು. “ಭಾವ ಬರದಿದ್ರೆ ನಾವೂ ಹೋಗಲ್ಲ” ಎಂದು ಅವನು, “ಅಳಿಯಂದ್ರಿಲ್ಲದ ಊರು ನಮಗ್ಯಾಕೆ?” ಎಂದು ಆಕೆ. ಜಗತ್ತಿನಲ್ಲಿ ಬೇರೆ ಯಾರೂ ತಮ್ಮ ಸಹವಾಸವನ್ನು ಹೀಗೆ ಬೇಡಿಕೊಂಡದ್ದು ಕಂಡಿರದ ಗಡಿಯಾರದವರು ಕರಗಿ ಒಪ್ಪಿಕೊಂಡಿದ್ದರು.

“ಇವತ್ತೊಂದು ದಿನ,” ಎಂದರು ಕಾಲಬೆರಳು ಉಜ್ಜಿಕೊಳ್ಳುತ್ತ. “ಇವತ್ತೊಂದು ದಿನ ನನ್ನ ಬಲಗಣ್ಣಿಗೆ ಏನೂ ಆಗ್ಬಾರ್ದು. ಕೇಳಿಸ್ತಾ?”

“ನಾವೆಲ್ಲ ಇದೀವಲ್ಲ ಭಾವ!”

ಮುಲಾಮಿಲ್ಲದಿದ್ದರೇನು, ತುಂಬುತೋಳಿನ ಅಂಗಿಯಿದೆ ಎಂದು ಪೆಟ್ಟಿಗೆ ತೆರೆದರು. ಪೆಟ್ಟಿಗೆ ಬರಿದಾಗಿತ್ತು. ಹಿತ್ತಲಲ್ಲಿ ಅತ್ತೆ ಬಕೆಟ್ಟಿನ ಮುಂದೆ ಕೂತಿದ್ದರು.

“ಅತ್ತೆ, ನನ್ನ ಅಂಗಿ?”

“ನೆನೆಸಿದೀನಿ ಅಳಿಯಂದ್ರೆ.”

“ಪ್ಯಾಂಟು?”

“ಅದೂ ನೆನೀತಿದೆ.”

“ಕಾಲುಚೀಲ?”

“ಅದನ್ನೊಂದನ್ನ ಬಿಟ್ರೆ ಬೇಜಾರು ಮಾಡ್ಕೊಳ್ಳಲ್ವಾ? ನಾಳೆ ದೊಡ್ಡೋರ ಮುಂದೆ ಕೂರೋರು, ಕೊಳೆ ಬಟ್ಟೇಲಿ ಹೋಗೋಕಾಗುತ್ತಾ?”

“ನಾಳೆ ಮಾತು ಆಮೇಲೆ! ಇವತ್ತು ನಾನೇನು ಸುತ್ತಿಕೊಳ್ಳಲಿ? ಕರ್ಟನ್ನಾ?”

“ನನ್ನ ಮಗಂದು ಆಟದ ಚಡ್ಡಿ ಇದೆ, ತೋಳಿಲ್ಲದ ಬನಿಯನ್ ಇದೆ. ಗಾಳಿಯಾಡುತ್ತೆ, ಹಾಕ್ಕೊಳ್ಳಿ.”

ಹಿರಿಯರನ್ನು ಬೈಯಬಾರದೆಂಬ ಸಂಸ್ಕಾರ ಗಂಟಲಲ್ಲಿ ಅಡ್ಡ ನಿಂತು, ಆ ಬೈಗುಳವೆಲ್ಲ ಹಿಂದಿರುಗಿ ಹೊಟ್ಟೆಗೇ ಇಳಿಯಿತು. ಚಡ್ಡಿ ಹಾಕಿಕೊಂಡು ಹೊರಬಂದ ಗಡಿಯಾರದವರ ಕಾಲುಗಳು, ಎಷ್ಟೋ ಕಾಲದಿಂದ ಬಿಸಿಲು ಕಾಣದವು, ನೆಲಮಾಳಿಗೆಯಲ್ಲಿ ಮೊಳೆತ ಕಾಳಿನಂತೆ ಬೆಳ್ಳಗೆ ಹೊಳೆದವು. ಸೊಳ್ಳೆಗಳಿಗೆ ಇದಕ್ಕಿಂತ ಸ್ಪಷ್ಟವಾದ ಆಮಂತ್ರಣವನ್ನು ಬರೆಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಇನ್ನುಳಿದದ್ದು ಸೊಳ್ಳೆಪರದೆ. ಅದು ಮಂಚದ ಮೇಲೆ ಇರಲಿಲ್ಲ. ಅಂಗಳದಲ್ಲಿ, ಎರಡು ಮರಗಳ ನಡುವೆ ಬಿಗಿಯಾಗಿ ಕಟ್ಟಲ್ಪಟ್ಟು ನಿಂತಿತ್ತು. ಅದರ ಒಂದು ಕಡೆ ಮೈದುನ. ಇನ್ನೊಂದು ಕಡೆ ಪಕ್ಕದ ಕೋಣೆಯಲ್ಲಿ ಸಂಸಾರ ಸಮೇತ ಇಳಿದುಕೊಂಡಿದ್ದ ದಂತವೈದ್ಯರು. ನಡುವೆ ಗಾಳಿಯಲ್ಲಿ ಒಂದು ಚೆಂಡು.

“ಅದು ನನ್ನ ಸೊಳ್ಳೆಪರದೆ!”

“ಬಹಳ ಒಳ್ಳೆ ಪರದೆ ಸಾರ್,” ಎಂದರು ದಂತವೈದ್ಯರು ಏದುಸಿರು ಬಿಡುತ್ತ. “ಮೊದಲಿನ ಆಟ ಪೂರ್ತಿ ತಡೀತು. ಎರಡನೇ ಆಟದಲ್ಲಷ್ಟೆ ಹರೀತು.”

ಚೆಂಡು ಪರದೆಯ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬಿತ್ತು. ತೂತಿನಲ್ಲಿ ಸೊಳ್ಳೆಯಲ್ಲ, ಸೊಳ್ಳೆಗಳ ದಿಬ್ಬಣವೇ ವಾದ್ಯಸಮೇತ ಹಾದು ಹೋಗಬಹುದಿತ್ತು.

ಗಡಿಯಾರದವರು ಪರದೆಯನ್ನು ಕಿತ್ತೆಳೆದು, ಅದು ಕೊರಳಿಗೂ ಕೈಗೂ ಸುತ್ತಿಕೊಂಡು, ಬಿಡಿಸಿಕೊಳ್ಳುವ ರಭಸದಲ್ಲಿ ಇನ್ನೆರಡು ಕಡೆ ಹರಿದು, “ನೀವೆಲ್ಲ ಮನುಷ್ಯರಾ?” ಎಂದು ಕಿರುಚಿದರು.

“ಹಾಗೆಲ್ಲ ಹಲ್ಲು ಕಡೀಬೇಡಿ ಸಾರ್,” ಎಂದರು ದಂತವೈದ್ಯರು ಕನಿಕರದಿಂದ. “ದವಡೆ ಹಲ್ಲು ಸವೆದು ಹೋಗುತ್ತೆ.”

ಮಧ್ಯಾಹ್ನದ ಬಿಸಿಲಿನಲ್ಲಿ ಗಡಿಯಾರದವರು ದೋಣಿಕಟ್ಟೆಯ ಅಂಗಡಿಯವರೆಗೆ ನಡೆದು ಹೋದರು. ಜೊತೆಗೆ ಬುಟ್ಟಿ ಹಿಡಿದು ಹೆಂಡತಿ. ಮುಲಾಮು ಮುಗಿದಿತ್ತು. ಆದರೆ ಸೊಳ್ಳೆಬತ್ತಿಯ ಕೊನೆಯ ಪೊಟ್ಟಣವೊಂದು ಅಂಗಡಿಯವಳ ಕಪಾಟಿನ ಮೂಲೆಯಲ್ಲಿ ಸಿಕ್ಕಿತು. ಗಡಿಯಾರದವರು ಅದನ್ನು ಎರಡೂ ಕೈಗಳಿಂದ, ಕಳೆದುಹೋದ ರಾಜ್ಯವನ್ನು ಮರಳಿ ಪಡೆದ ಅರಸನಂತೆ ಎತ್ತಿಕೊಂಡು ಹೆಂಡತಿಯ ಬುಟ್ಟಿಯಲ್ಲಿಟ್ಟರು. ಹಿಂದಿರುಗಿ ಬಂದು ತೆರೆದರೆ ಪೊಟ್ಟಣದೊಳಗೆ ಹಸಿರು ಪುಡಿಯಿತ್ತು. ಬತ್ತಿಯ ಮೇಲೆ ಹೆಂಡತಿ ದೊಡ್ಡದೊಂದು ಕಲ್ಲಂಗಡಿ ಹಣ್ಣು ಕೂರಿಸಿದ್ದಳು.

ಗಡಿಯಾರದವರು ಬಾಯಿ ತೆರೆದರು. ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಅವಳೊಬ್ಬಳನ್ನು ಅವರು ಬೈಯುತ್ತಿರಲಿಲ್ಲ. ಹಳೆಯ ಕಾವ್ಯಗಳ ಚಕ್ರವಾಕ ಪಕ್ಷಿಗಳು ಸಂಜೆಯಾದೊಡನೆ ಒಂದನ್ನೊಂದು ಅಗಲುತ್ತವಂತೆ. ಈ ದಂಪತಿಗಳದು ಅದಕ್ಕೆ ತದ್ವಿರುದ್ಧವಾದ ನಡೆ. ಹಗಲೆಲ್ಲ ಅವಳು ಎಲ್ಲಿಯೇ ಇರಲಿ, ಹೊತ್ತು ಮುಳುಗಿತೆಂದರೆ ಕುರ್ಚಿ ಎಳೆದುಕೊಂಡು ಬಂದು ಗಂಡನ ಮಗ್ಗುಲಲ್ಲಿ ಕೂರುವಳು. ಮದುವೆಯಾದ ಲಾಗಾಯ್ತು ಒಂದು ಸಂಜೆಯೂ ತಪ್ಪಿದ್ದಿಲ್ಲ. ಲೋಕವೆಲ್ಲ ತಮ್ಮ ಕೋಪಕ್ಕೆ ಹೆದರಿ ದೂರ ಸರಿದರೂ ಇವಳೊಬ್ಬಳು ಹತ್ತಿರ ಬರುತ್ತಾಳಲ್ಲ ಎಂಬುದೇ ಗಡಿಯಾರದವರ ಬಾಳಿನ ತಂಪು. “ಹೋಗ್ಲಿ ಬಿಡು,” ಎಂದರು. “ನಿನ್ನ ಕೈಲಾದ್ದು ನೀನು ಮಾಡ್ದೆ.”

ಬಿಸಿಲು ಇಳಿಯಿತು. ಸರೋವರದ ಕಡೆಯಿಂದ ಮೊದಲ ಗುಂಯ್ ಕೇಳಿಸಿತು. ವಸತಿಗೃಹದ ಯಜಮಾನಿ ಎಂದಿನಂತೆ ಗಡಿಯಾರದವರ ಕುರ್ಚಿಯನ್ನು ಪಡಸಾಲೆಯ ನಟ್ಟನಡುವೆ ಇಟ್ಟಳು. ಎಲ್ಲರ ಕುರ್ಚಿಗಳೂ ಅದರ ಸುತ್ತ ಬಂದು ಸೇರಿದವು. ಗಡಿಯಾರದವರು ಕೋಣೆಯೊಳಗಿಂದ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ಮೈಮೇಲೆ ಚಡ್ಡಿ, ಬನಿಯನ್. ಬಲಗಣ್ಣಿನಲ್ಲಿ ಕರಿಯ ಭೂತಗನ್ನಡಿ. ಮೈಯೆಲ್ಲ ಹೋದರೂ ಚಿಂತೆಯಿಲ್ಲ, ರೆಪ್ಪೆಯೊಂದು ಉಳಿಯಲಿ ಎಂದು ತೊಟ್ಟ ಕವಚ ಅದು. ಕೈಯಲ್ಲಿ ಒದ್ದೆ ಬಟ್ಟೆ ತುಂಬಿ ನೀರು ಸೋರುತ್ತಿದ್ದ ಪೆಟ್ಟಿಗೆ.

“ನಾನು ಸಂಜೆ ಬಸ್ಸಿಗೆ ಹೊರಟೆ.”

ಪಡಸಾಲೆಯಲ್ಲಿ ಹಾಹಾಕಾರವೆದ್ದಿತು.

“ಭಾವ, ಬೇಡ!” ಮೈದುನ ಪೆಟ್ಟಿಗೆಯನ್ನು ಹಿಡಿದುಕೊಂಡ.

“ಅಳಿಯಂದ್ರೆ, ನೀವು ಹೋದ್ರೆ ನಮ್ಮ ಗತಿಯೇನು?” ಅತ್ತೆಯ ದನಿ ನಡುಗಿತು.

“ನನ್ನ ಹೆಂಡ್ತಿ ಮಕ್ಕಳ ಮುಖ ನೋಡಿಯಾದ್ರೂ ಇರಿ ಸಾರ್!” ದಂತವೈದ್ಯರು ಮೆಟ್ಟಿಲಿಗೆ ಅಡ್ಡ ನಿಂತರು.

ಗಡಿಯಾರದವರ ಕೋಪ ಒಮ್ಮೆಲೇ ಇಳಿದುಹೋಯಿತು. ಭೂತಗನ್ನಡಿಯ ಒಳಬದಿ ಮಸುಕಾಯಿತು. “ನನ್ನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದ್ದೀರಾ...” ಎಂದರು. ಆಮೇಲೆ ಒಂದು ಸಂಶಯ ಸುಳಿಯಿತು. “ಅಲ್ರೀ ಡಾಕ್ಟ್ರೆ, ಇವರು ನೆಂಟರು, ಸರಿ. ನಾನು ಹೋದ್ರೆ ನಿಮಗೇನು ಕಷ್ಟ? ಮೊನ್ನೆ ತಾನೆ ಪರಿಚಯ ಆದೋರು ನೀವು.”

ದಂತವೈದ್ಯರು ಸತ್ಯವಂತರು. “ನೀವು ಕೂತ ಕಡೆ ಸೊಳ್ಳೆಗಳು ಬೇರೆ ಯಾರನ್ನೂ ಮುಟ್ಟಲ್ಲ ಅಂತ ನಿಮ್ಮ ಮೈದುನ ಹೇಳಿದ್ರು ಸಾರ್. ನಾನು ನಂಬ್ಲಿಲ್ಲ. ನಿನ್ನೆ ನಿಮ್ಮ ಪಕ್ಕ ಕೂತು ನೋಡ್ದೆ. ಒಂದೇ ಒಂದು ಕಚ್ಚಿಲ್ಲ!”

ಗಡಿಯಾರದವರು ನಿಧಾನವಾಗಿ, ಗೋಪುರದ ಗಡಿಯಾರದ ಮುಳ್ಳಿನಂತೆ, ಮೈದುನನ ಕಡೆ ತಿರುಗಿದರು.

“ಆ ಬಾಗಿಲು...?”

“ಕಿರುಗುಡ್ತಿರ್ಲಿಲ್ಲ ಭಾವ,” ಎಂದ ಅವನು ನೆಲ ನೋಡುತ್ತ.

“ನನ್ನ ಬಟ್ಟೆ?”

“ಮುಚ್ಚಿಡೋಕೆ ಏನಿದೆ ಇದ್ರಲ್ಲಿ?” ಎಂದರು ಅತ್ತೆ. “ನೀವು ಮುಲಾಮು ಹಚ್ಕೊಂಡು, ಮೈತುಂಬ ಬಟ್ಟೆ ಹಾಕ್ಕೊಂಡು, ಪರದೇಲಿ ಕೂತ್ರೆ ಅವೆಲ್ಲ ನಮ್ಮ ಮೇಲೆ ಬರಲ್ವಾ? ನಿಮ್ಮ ರಕ್ತ ಅವುಗಳಿಗೆ ಒಗ್ಗಿದೆ. ಮನೆಗೆ ದೊಡ್ಡೋರು, ಸ್ವಲ್ಪ ಸಹಿಸ್ಕೋಬೇಕಪ್ಪ.”

“ಮುಂದಿನ ರಜೆಗೂ ಬನ್ನಿ,” ಎಂದಳು ಯಜಮಾನಿ ಹಿಂದಿನಿಂದ, ಅಳುಕಿಲ್ಲದೆ. “ಸರೋವರದ ಕಡೆ ಕಿಟಕಿಯಿರೋ ರೂಮೇ ಕೊಡ್ತೀನಿ.”

ಆಗ ಎದ್ದ ಕೋಪದ ಮುಂದೆ ಬೆಳಗಿನಿಂದ ಬಂದವೆಲ್ಲ ಬರಿಯ ತಾಲೀಮು. ಗಡಿಯಾರದವರ ಕತ್ತಿನ ನರಗಳು ಹಗ್ಗವಾದವು, ಕಿವಿಗಳು ಕೆಂಡವಾದವು. “ನಾನೇನು ಮನುಷ್ಯನೋ ಸೊಳ್ಳೆಬತ್ತಿಯೋ? ನನ್ನನ್ನ ಹಚ್ಚಿಟ್ಟು ಸುತ್ತ ಕೂತ್ಕೊಂಡು ಹರಟೆ ಹೊಡೀತೀರಾ? ನಾಚಿಕೆಗೆಟ್ಟವರೇ! ಇಲ್ಲಿ ನನ್ನ ಹೆಂಡ್ತಿ ಒಬ್ಬಳು ಬಿಟ್ರೆ ನೀವೆಲ್ಲ ದ್ರೋಹಿಗಳು! ನಾಳೆ ಆ ಕೆಲಸ ನಂದಾಗ್ಲಿ, ನಿಮ್ಮ ಮುಖ ಕೂಡ...”

ಮಾತು ಅಲ್ಲಿಗೆ ನಿಂತಿತು. ಬಲಗಣ್ಣಿನ ಮುಂದೆ, ಗಾಜಿನಾಚೆ, ಆನೆಯ ಗಾತ್ರದ ಪ್ರಾಣಿಯೊಂದು ಬಂದು ಇಳಿದಿತ್ತು. ಅದರ ಕಾಲಿನ ರೋಮಗಳು ಬೇರೆಬೇರೆಯಾಗಿ ಕಂಡವು. ಅದು ಸೊಂಡಿಲನ್ನು ಗಾಜಿನ ಮೇಲೆ ಊರಿ, ಸಾವಧಾನವಾಗಿ ಒಳಗೆ ಇಣುಕಿತು. ರಾಶಿಯಾಗಿ ನಿಂತಿದ್ದ ಕೋಪವೆಲ್ಲ ಬಲಗೈಗೆ ಇಳಿಯಿತು. ಗಡಿಯಾರದವರು ಬೀಸಿ ಹೊಡೆದರು.

ಸೊಳ್ಳೆ ಹಾರಿಹೋಯಿತು. ಭೂತಗನ್ನಡಿ ಕಣ್ಣಿನ ಗೂಡಿನೊಳಕ್ಕೆ, ಬಾಟಲಿಯೊಳಗೆ ಹೊಕ್ಕ ಬಿರಡೆಯಂತೆ, ಕಚ್ಚಿ ಕೂತಿತು.

ದಂತವೈದ್ಯರು ಹಲ್ಲು ಕಿತ್ತು ಪಳಗಿದ ಕೈಯಿಂದ ಅದನ್ನು ಹೊರಕ್ಕೆಳೆಯುವಷ್ಟರಲ್ಲಿ ರೆಪ್ಪೆ ನೇರಳೆ ಬದನೆಯ ಬಣ್ಣಕ್ಕೆ ತಿರುಗಿ, ಕಣ್ಣನ್ನು ಪೂರ್ತಿ ನುಂಗಿಬಿಟ್ಟಿತ್ತು. ಹೊರಗೆ ಬಸ್ಸು ಹಾರ್ನು ಹಾಕಿ, ಸ್ವಲ್ಪ ಕಾದು, ಹೊರಟುಹೋಯಿತು. ಮೈದುನ ಟಾರ್ಚು ಹಿಡಿದು ರೆಪ್ಪೆಯನ್ನು ಬಹಳ ಹೊತ್ತು ಪರೀಕ್ಷಿಸಿದ.

“ಒಂದು ಸಮಾಧಾನ ಭಾವ,” ಎಂದ. “ಸೊಳ್ಳೆ ಕಚ್ಚಿದ ಗುರುತು ಒಂದೂ ಇಲ್ಲ.”

ಬೈಯುವುದಕ್ಕೂ ತ್ರಾಣವಿಲ್ಲದೆ ಗಡಿಯಾರದವರು ನಟ್ಟನಡುವಿನ ಕುರ್ಚಿಯಲ್ಲಿ ಕುಸಿದರು. ಸಂಗ್ರಹಾಲಯದ ಗಡಿಯಾರಗಳೆಲ್ಲ ಎದುರಂಗಡಿಯವನ ಅಂಗೈಗೆ ಮರಳುತ್ತಿರುವುದು ಮುಚ್ಚಿದ ಕಣ್ಣಿಗೇ ಸ್ಪಷ್ಟವಾಗಿ ಕಂಡಿತು. ಹೆಂಡತಿ ತಣ್ಣೀರಿನ ಬಟ್ಟೆ ತಂದು ರೆಪ್ಪೆಯ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಎಂದಿನಂತೆ ಮಗ್ಗುಲಲ್ಲಿ ಕೂತಳು.

“ನೀನೊಬ್ಬಳೇ ಕಣೇ,” ಎಂದರು ಅವರು. “ಮದುವೆಯಾದಾಗಿಂದ ಒಂದು ಸಂಜೆನೂ ನನ್ನ ಪಕ್ಕ ಬಿಟ್ಟು ಕೂತೋಳಲ್ಲ.”

ಬಟ್ಟೆಯನ್ನು ಒತ್ತಿ ಹಿಡಿದಿದ್ದ ಅವಳ ತೋಳು ಗಡಿಯಾರದವರ ಎಡಗಣ್ಣಿನ ಎದುರಿಗೇ ಇತ್ತು. ಬಟ್ಟಬಯಲಿನಂತೆ ತೆರೆದ ತೋಳು. ಮೊಣಕೈಯಿಂದ ಬೆರಳ ತುದಿಯವರೆಗೆ ನುಣ್ಣಗೆ, ತಣ್ಣಗೆ, ಒಂದು ಕೆಂಪು ಚುಕ್ಕೆಯೂ ಇಲ್ಲದೆ. ಅವರಿಗೆ ನೆನಪಿದ್ದ ಯಾವ ಬೇಸಿಗೆಯಲ್ಲೂ ಅಲ್ಲಿ ಅಂಥದೊಂದು ಚುಕ್ಕೆ ಇದ್ದದ್ದಿಲ್ಲ.

ಎಡಗಣ್ಣು ತೋಳಿನಿಂದ ಮೆಲ್ಲಗೆ ಅವಳ ಮುಖದ ಕಡೆಗೆ ಏರಿತು. ಬಾಯಿ ತೆರೆಯಿತು.

“ಅಲುಗಾಡ್ಬೇಡಿ, ಸುಮ್ನೆ ಕೂತ್ಕೊಳ್ಳಿ,” ಎಂದಳು ಹೆಂಡತಿ ಮೃದುವಾಗಿ, ತನ್ನ ಕುರ್ಚಿಯನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತ.