ಬಾಳೂರಿನ ಖಾಕಿ ಡಬ್ಬಿಯಲ್ಲಿ ವಾಸವಾಗಿರುವ ಸೇಫ್ಟಿ ರೇಜರಿನವರಿಗೆ

ಬಾಳೂರು, 1944

ಮಾನ್ಯರೇ,

ಹಿಂದಿನ ಜರ್ಮನ್ ಯುದ್ಧದಲ್ಲಿ ಸೇವೆ ಸಲ್ಲಿಸಿ, ಇಂಗ್ಲೆಂಡಿಗೆ ಮರಳಿದ ನಮ್ಮ ಕಾಫಿ ತೋಟದ ದೊರೆಯವರ ಸಾಮಾನು ಹರಾಜಿನಲ್ಲಿ ನನ್ನ ಕೈಸೇರಿ, ನಾನು ಆಸೆಪಟ್ಟು ಕೂಡಿಹಾಕಿದ ಪಲ್ಟನ್ ರೇಜರುಗಳಿಗೆಲ್ಲ ಹಿರಿಯರಾಗಿ ವಿರಾಜಮಾನರಾಗಿರುವ ತಮಗೆ, ಎಸ್ಟೇಟ್ ರೈಟರ್ ವಿಷ್ಣುಮೂರ್ತಿಯು ಕೆನ್ನೆಯಲ್ಲಿ ಉಳಿದಿರುವಷ್ಟು ಚರ್ಮದೊಂದಿಗೆ ತಲೆಬಾಗಿ ಮಾಡುವ ಬಿನ್ನಹ.

ತಾವು ಮನೆಗೆ ಬಂದ ಹುರುಪಿನಲ್ಲಿ, ವಾರಕ್ಕೊಮ್ಮೆ ಜಗಲಿಯಲ್ಲಿ ಕೂರಿಸಿ ಕ್ಷೌರ ಮಾಡುತ್ತಿದ್ದ ಗುರುವಯ್ಯನವರಿಗೆ ಇನ್ನು ಬರುವುದು ಬೇಡ ಎಂದುಬಿಟ್ಟೆ. ಅವರು ನನ್ನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿ, "ಆಯ್ತು ಮಾರಾಯ್ರೆ, ಹುಷಾರು" ಎಂದಷ್ಟೇ ಹೇಳಿ ಹೋದರು. ಈಗಿನ ಯುದ್ಧದ ದೆಸೆಯಿಂದ ಮೂಡಿಗೆರೆಯಲ್ಲಿ ಬ್ಲೇಡು ಸಿಗದೆ, ಇದ್ದೊಂದನ್ನೇ ಗಾಜಿನ ಲೋಟದೊಳಗೆ ತಿಕ್ಕಿ ತಿಕ್ಕಿ ಹರಿತ ಮಾಡಿ ತಮಗೆ ಅರ್ಪಿಸುತ್ತಿದ್ದೇನೆ. ಗಡ್ಡವನ್ನು ಮುಟ್ಟದೆ ಕೆನ್ನೆಯನ್ನಷ್ಟೇ ಹೆರೆಯುವ ತಮ್ಮ ಕೈಚಳಕ ಕಂಡರೆ, ಜರ್ಮನರು ಸೋತದ್ದು ಫಿರಂಗಿಗೆ ಹೆದರಿ ಅಲ್ಲ, ತಮಗೆ ಹೆದರಿ ಎಂದೇ ನನ್ನ ನಂಬಿಕೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಕಳಸದಲ್ಲಿ ಪ್ರೇಮಕುಮಾರಿ ಎಂಬ ಹುಡುಗಿಯನ್ನು ನೋಡಲು ಹೊರಟ ಬೆಳಿಗ್ಗೆಯೇ ತಾವು ಪರಾಕ್ರಮ ಮೆರೆದಿರಿ. ನಮ್ಮ ಕಡೆ ಗಾಯಕ್ಕೆ ಕಾಫಿಪುಡಿ ಒತ್ತುವುದು ವಾಡಿಕೆ. ಒತ್ತಿಕೊಂಡು, ಮುಖದ ತುಂಬ ಕಪ್ಪು ಚುಕ್ಕೆ ಹೊತ್ತು ಹೋದೆ. ಬಾಗಿಲಲ್ಲಿ ಕಂಡ ಹುಡುಗಿಯ ಅಜ್ಜಿ ಸೀತಮ್ಮನವರು ಸಿಡುಬೆಂದೇ ತಿಳಿದು, "ಅಮ್ಮಾ ತಾಯಿ, ತಂಪಾಗಿ ಬಂದ ದಾರೀಲೇ ಹೋಗು" ಎಂದು ನನಗೇ ಕೈಮುಗಿದು, ಹೊಸಿಲಾಚೆ ಎಲೆಯಲ್ಲಿ ಮೊಸರನ್ನವಿಟ್ಟು ಕದ ಹಾಕಿಕೊಂಡರು. ವರನಾಗಿ ಹೋದವನು ದೇವಿಯಾಗಿ, ಹಸಿವೂ ಆಗಿದ್ದರಿಂದ, ಉಂಡು ಮರಳಿದೆ. ಕಿಟಕಿಯಲ್ಲಿ ಹುಡುಗಿ ನಗುತ್ತಿದ್ದಳು. ಆ ನಗು ನನಗೆ ಬಹಳ ಹಿಡಿಸಿತು, ಅದೇ ನನ್ನ ಸಂಕಟ.

ಆದಕಾರಣ ತಾವು ದಯಮಾಡಿ ಕಳಸದ ಬಸ್ಸು ಹತ್ತಿ ಹೋಗಿ, ಆ ಚುಕ್ಕೆಗಳು ದೇವಿಯ ಕೃಪೆಯಲ್ಲ, ತಮ್ಮದೇ ಎಂದು ಸೀತಮ್ಮನವರ ಮುಂದೆ ಪ್ರಮಾಣ ಮಾಡಿ ಬರಬೇಕು. ಅದಾಗದಿದ್ದರೆ ಬರ್ಮಾ ಗಡಿಗೆ ವರ್ಗ ಮಾಡಿಸಿಕೊಂಡು, ಈ ಶೌರ್ಯವನ್ನು ಜಪಾನಿಯರ ಕೆನ್ನೆಯ ಮೇಲೆ ತೋರಿಸಬೇಕು ಎಂದು ಕೋರುವ,

ತಮ್ಮ ವಿಶ್ವಾಸಿ ಹಾಗೂ ಗಾಯಾಳು,
ವಿಷ್ಣುಮೂರ್ತಿ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಕಳಸದಿಂದ ಸುದ್ದಿ ಬಂತು. ನಾನುಂಡ ಎಲೆಯ ಮೇಲೆ ನನ್ನ ಮುಖದಿಂದ ಉದುರಿದ್ದನ್ನು ಪ್ರೇಮಕುಮಾರಿ ಮೂಸಿ ನೋಡಿ, "ಅಜ್ಜಿ, ಇದು ಸಿಡುಬಿನ ಅಮ್ಮ ಅಲ್ಲ, ಕಾಫಿಪುಡಿ. ಚಿಕೋರಿ ಒಂಚೂರೂ ಇಲ್ಲ" ಎಂದಳಂತೆ. ಗಾಯಕ್ಕೂ ಅಪ್ಪಟ ಪುಡಿಯನ್ನೇ ಹಾಕುವ ಮನೆತನವೆಂದು ಸೀತಮ್ಮನವರು ಸಂಬಂಧಕ್ಕೆ ಒಪ್ಪಿದ್ದಾರಂತೆ. ಮದುವೆಯ ಕ್ಷೌರಕ್ಕೆ ಗುರುವಯ್ಯನವರೂ ಒಪ್ಪಿದ್ದಾರೆ, ತಮ್ಮನ್ನು ತೆಂಗಿನಕಾಯಿಯ ಜುಟ್ಟು ಹೆರೆಯಲು ಹಚ್ಚಬೇಕೆಂಬ ಒಂದೇ ಷರತ್ತಿನ ಮೇಲೆ. ತೆಂಗಿನಕಾಯಿಗೆ ರಕ್ತ ಬರುವುದಿಲ್ಲ, ತಾವು ಬೇಸರಿಸಬಾರದು.